ಗಾಡಿ ಪೂರ್ತಿ ಬರಬೇಕು

ಜನವರಿ 9, 2025, ಗುರುವಾರ

ಈ ವರ್ಷದ ಡೈರಿ ಸರಿಯಿಲ್ಲ. ಗೆರೆಗಳನ್ನು ಎಷ್ಟು ತೆಳ್ಳಗೆ ಹಾಕಿದ್ದಾರೆಂದರೆ ಇದ್ದೂ ಇಲ್ಲದ ಹಾಗಿವೆ. ಕೊಬ್ಬರಿ ಮಂಡಿಯವರು ಪುಕ್ಕಟೆ ಕೊಡುವ ಡೈರಿ ಇನ್ನು ಹೇಗಿದ್ದೀತು. ಪೇಪರಿನವರೂ ಅಷ್ಟೇ, ಈಚೆಗೆ ಮಸಿಗೆ ನೀರು ಬೆರೆಸುತ್ತಿದ್ದಾರೆ ಅಂತ ಕಾಣುತ್ತದೆ.

ಇಷ್ಟು ಬರೆದು ನನಗೇ ನಗು ಬಂತು. ಇದನ್ನು ಓದುವವನು ನಾನೊಬ್ಬನೇ. ನನಗೆ ನಾನೇ ಸುಳ್ಳು ಹೇಳಿಕೊಂಡು ಏನಾಗಬೇಕಾಗಿದೆ? ಬಲಗಣ್ಣಿಗೆ ಪೊರೆ ಬಂದಿದೆ. ದಸರಾ ಹೊತ್ತಿಗೆ ಶುರುವಾದದ್ದು ಈಗ ಒಲೆಯ ಹೊಗೆಯ ಆಚೆಯಿಂದ ನೋಡಿದ ಹಾಗೆ ಕಾಣುತ್ತದೆ. ಎಡಗಣ್ಣು ಮೊದಲಿನಿಂದಲೂ ಸ್ವಲ್ಪ ಮಂದ, ಹೇಗೋ ನಡೆಯುತ್ತದೆ, ಆದರೆ ಕ್ಯಾಮೆರಾ ಹಿಡಿದವನಿಗೆ ಬಲಗಣ್ಣೇ ಬಂಡವಾಳ. ಆಪರೇಷನ್ ಮಾಡಿದರೆ ಸರಿಹೋಗುತ್ತದೆ ಎಂದು ಹಾಸನದ ಡಾಕ್ಟರು ಹೇಳಿದ್ದಾರೆ. ಗೊತ್ತಿರುವುದು ನನ್ನ ಹೆಂಡತಿ ಕಲ್ಲಮ್ಮನಿಗೆ ಮಾತ್ರ. ತಿಪಟೂರಿನ ಸ್ಟುಡಿಯೋ ಪರಮಶಿವಯ್ಯನಿಗೆ ಕಣ್ಣು ಕಾಣುವುದಿಲ್ಲವಂತೆ ಅನ್ನುವ ಸುದ್ದಿ ಬಸ್ ಸ್ಟ್ಯಾಂಡಿನವರೆಗೆ ಹೋದರೆ ಸಾಕು, ಆಮೇಲೆ ಪಾಸ್‌ಪೋರ್ಟ್ ಫೋಟೋಗೂ ಯಾರೂ ಬರುವುದಿಲ್ಲ.

ಬರೆಯಬೇಕೆಂದುಕೊಂಡದ್ದು ಇದಲ್ಲ. ಗಾಡಿ ಶೋರೂಮಿನ ಓನರು ಸೂರ್ಯಪ್ರಕಾಶ್ ಫೋನ್ ಮಾಡಿದ್ದ. ಅವನ ಶೋರೂಮಿನವರು ಹದಿನೇಳರಿಂದ ನಾಲ್ಕು ದಿನ ವಾಹನ ಮೇಳ ಮಾಡುತ್ತಾರಂತೆ. ಕಾರು, ಗೂಡ್ಸ್ ಆಟೋ, ಟ್ರ್ಯಾಕ್ಟರು ಸೇರಿ ಹದಿನಾಲ್ಕು ಗಾಡಿ. ಒಂದೊಂದರ ದೊಡ್ಡ ಫೋಟೋ ಮಾಡಿ ಶೋರೂಮಿನ ಹೊಸ ಗೋಡೆಗೆ ಹಾಕಬೇಕಂತೆ. ಚೆನ್ನಾಗಿ ಬಂದರೆ ಇನ್ನು ಮುಂದೆ ಅಲ್ಲಿಂದ ಹೊರಡುವ ಪ್ರತಿ ಗಾಡಿಯ ಫೋಟೋವೂ ನನ್ನದೇ.

ಇದು ಸಣ್ಣ ಮಾತಲ್ಲ. ಈ ಸೀಮೆಯಲ್ಲಿ ಹೊಸ ಗಾಡಿ ತಂದವರು ಗುಡಿ ಮುಂದೆ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಕಾಯಿ ಒಡೆದು, ಆಮೇಲೆ ನೇರ ನನ್ನ ಸ್ಟುಡಿಯೋ ಮುಂದೆ ತಂದು ನಿಲ್ಲಿಸುತ್ತಿದ್ದರು. ಮೂವತ್ತನಾಲ್ಕು ವರ್ಷ ತೆಗೆದಿದ್ದೇನೆ. ಮನೆಮಂದಿ ಎಷ್ಟು ಜನವಾದರೂ ನಿಲ್ಲಲಿ, ಗಾಡಿಯ ನಾಲ್ಕು ಮೂಲೆಯೂ ಬರಬೇಕು. ಬಂಪರ್ ಕತ್ತರಿಸಿದ ಒಂದು ಫೋಟೋವೂ ನನ್ನ ಅಂಗಡಿಯಿಂದ ಹೊರಗೆ ಹೋಗಿಲ್ಲ. ಪ್ರಿಂಟಿನ ಹಿಂದೆ ಗಾಡಿಯ ನಂಬರು ಬರೆದು ಕೊಡುತ್ತೇನೆ. ಜನರ ಹೆಸರು ಬರೆಯುವುದಿಲ್ಲ, ಅದು ಗಾಡಿಯ ಫೋಟೋ. ಎರಡು ವರ್ಷದಿಂದ ಶೋರೂಮಿನವರೇ ಬಲೂನು ಕಟ್ಟಿ ಫೋನಿನಲ್ಲಿ ತೆಗೆದು ಕಳಿಸಿಬಿಡುತ್ತಿದ್ದಾರೆ. ಅದು ಮತ್ತೆ ನನ್ನ ಬಾಗಿಲಿಗೆ ಬರುತ್ತದೆಂದರೆ ಬಿಡುವುದುಂಟೇ. ಒಪ್ಪಿಕೊಂಡೆ. ಆಪರೇಷನ್ ಮೇಳ ಮುಗಿದ ಮೇಲೆ.

ಕಲ್ಲಮ್ಮ ಕೇಳಿಸಿಕೊಂಡು ಬಟ್ಟೆ ಒಣಗಿಹಾಕಲು ಹಿತ್ತಲಿಗೆ ಹೋದಳು. ಅವಳು ಹಾಗೆ ಎದ್ದು ಹೋದರೆ ನನಗೆ ಇರಿಸುಮುರಿಸು.

ಜನವರಿ 13, ಸೋಮವಾರ

ತಂಗಿಯ ಮಗ ಜ್ಞಾನೇಶ್ ತುರುವೇಕೆರೆಯಿಂದ ಬಂದಿದ್ದ. ಅಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಇಂಥವೆಲ್ಲ ಅವನಿಗೆ ಗೊತ್ತು. ಕಣ್ಣಿನ ವಿಷಯ ಹೇಳಲಿಲ್ಲ. ವಯಸ್ಸಾಯಿತು, ಬೆರಳು ಮೊದಲಿನ ಹಾಗೆ ಓಡುವುದಿಲ್ಲ, ಕ್ಯಾಮೆರಾ ತಾನೇ ಫೋಕಸ್ ಮಾಡಿಕೊಳ್ಳುವ ಹಾಗೆ ಮಾಡಿಕೊಡು ಎಂದೆ. ಅವನು ಕ್ಯಾಮೆರಾದ ಮೆನುವಿನಲ್ಲೆಲ್ಲ ತಡಕಾಡಿ ಯಾವುದೋ ಗುಂಡಿ ಒತ್ತಿದ.

"ಮಾವ, ಇದು ಮುಖ ಎಲ್ಲೈತೆ ಅಂತ ತಾನೇ ಹುಡುಕ್ಕೊಳ್ತದೆ. ಹಸಿರು ಚೌಕ ಬಂತಾ, ಒತ್ತಿ ಬುಡಿ. ಅಷ್ಟೇಯ."

ನನಗೆ ಖುಷಿಯೂ ಆಯಿತು, ಸಿಟ್ಟೂ ಬಂತು. ಮೂವತ್ತನಾಲ್ಕು ವರ್ಷ ಒಂದು ಕಣ್ಣು ಮುಚ್ಚಿ ಉಸಿರು ಹಿಡಿದು ಕಲಿತದ್ದನ್ನು ಇದು ಹುಟ್ಟುತ್ತಲೇ ಕಲಿತು ಬಂದಿದೆ. ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಕಲ್ಲಮ್ಮನ ಮೇಲೆ ಪರೀಕ್ಷೆ ಮಾಡಿದೆ. ಚೌಕ ಅವಳ ಮುಖಕ್ಕೆ ಹೋಗಿ ಕೂತಿತು. ಹುಬ್ಬಿನ ಕೂದಲೂ ಎಣಿಸುವ ಹಾಗೆ ಬಂದಿದೆ ಎಂದು ಜ್ಞಾನೇಶ್ ಹೇಳಿದ. ಅವಳ ಮಡಿಲಲ್ಲಿದ್ದ ಅವರೆಕಾಯಿ ಹೇಗೆ ಬಂದಿದೆ ಎಂದು ನಾನು ಕೇಳಲಿಲ್ಲ.

ಜನವರಿ 17, ಶುಕ್ರವಾರ

ಮಂಡಿ ಹಿಂದಿನ ಬಯಲಿನಲ್ಲಿ ಶಾಮಿಯಾನ ಹಾಕಿದ್ದಾರೆ. ಒಳಗೆ ಕತ್ತಲು. ಮದುವೆಗೆ ಇಟ್ಟುಕೊಂಡಿರುವ ಲೆನ್ಸ್ ಹಾಕಿದೆ, ಅದು ಬೆಳಕು ಕಡಿಮೆ ಇದ್ದರೂ ಎಳೆದುಕೊಳ್ಳುತ್ತದೆ.

ಗಾಡಿಗಳೇನೋ ಫಳಫಳ ಹೊಳೆಯುತ್ತಿದ್ದವು. ನೋಡುವವರು ಯಾರು? ಹೊಸ ಕಾರಿನ ಮುಂದೆ ಗುಲಾಬಿ ಬಣ್ಣದ ರೇಷ್ಮೆ ಸೀರೆ ಉಡಿಸಿ, ಎದೆಯ ಮೇಲೆ ಅಡ್ಡಕ್ಕೆ ಕಂಪನಿಯ ಪಟ್ಟಿ ಹಾಕಿ ಒಂದು ಹುಡುಗಿಯನ್ನು ನಿಲ್ಲಿಸಿದ್ದಾರೆ. ಫೋನು ಹಿಡಿದವರು, ಕ್ಯಾಮೆರಾ ಹಿಡಿದವರು ಎಲ್ಲ ಅವಳ ಸುತ್ತ. ಚಿಕ್ಕನಾಯಕನಹಳ್ಳಿಯ ರಂಗರಾಜು, ವಾರಪತ್ರಿಕೆಯ ವರದಿಗಾರ, ನೆಲದ ಮೇಲೆ ಮಂಡಿಯೂರಿ ಕೂತಿದ್ದ. ಚಕ್ರದ ಫೋಟೋ ತೆಗೆಯುತ್ತಾನೆ ಅಂದುಕೊಂಡೆ. ಇಲ್ಲ, ಅವಳದೇ. ಇದು ಗಾಡಿ ಮೇಳವೋ ಸ್ವಯಂವರವೋ ಎಂದು ಕೇಳಿದೆ. ಗಾಡಿ ನಾಳೆಯೂ ಇರ್ತದೆ ಅಣ್ಣ ಎಂದು ನಕ್ಕ. ಇವರೆಲ್ಲ ಫೋಟೋಗ್ರಾಫರುಗಳು.

ಆ ಹುಡುಗಿ ಗಾಡಿಗೆ ಅಡ್ಡ. ಅವಳನ್ನು ಸರದಿಯಂತೆ ಒಂದೊಂದು ಗಾಡಿಯ ಮುಂದೂ ನಿಲ್ಲಿಸುತ್ತಾರೆ, ಎಲ್ಲಿ ನಿಂತು ನೋಡಿದರೂ ಅಡ್ಡ. ಬೆಂಗಳೂರಿನಿಂದ ಕರೆಸಿದ ಬೊಂಬೆ ಇರಬೇಕು ಎಂದು ಒಳಗೊಳಗೇ ಬೈದುಕೊಂಡೆ. ಮಧ್ಯಾಹ್ನ ಊಟದ ಹೊತ್ತಿಗೆ ಅವಳೇ ನನ್ನ ಹತ್ತಿರ ಬಂದಳು. ಬೆಂಗಳೂರೂ ಇಲ್ಲ ಏನೂ ಇಲ್ಲ, ಇಲ್ಲೇ ಅರಳಗುಪ್ಪೆಯವಳು. ಹೆಸರು ದಾನೇಶ್ವರಿ. ಶೋರೂಮಿನಲ್ಲಿ ಸ್ಕೂಟರಿನಿಂದ ಟ್ರ್ಯಾಕ್ಟರಿನವರೆಗೆ ಬಿಡಿಭಾಗ ಮಾರುವ ಕೌಂಟರಿನಲ್ಲಿ ಮೂರು ವರ್ಷದಿಂದ ಇದ್ದಾಳೆ. ಮೇಳ ಚೆನ್ನಾಗಿ ನಡೆದರೆ ಮಾರಾಟದ ಮೇಜಿಗೆ ಕೂರಿಸುತ್ತೇನೆ ಎಂದು ಸೂರ್ಯಪ್ರಕಾಶ್ ಹೇಳಿದ್ದಾನಂತೆ, ಅದಕ್ಕಾಗಿ ಈ ಸೀರೆ ಉಟ್ಟು ನಿಂತಿದ್ದಾಳೆ.

"ಸಾರ್, ಮನೇಲಿ ನಮ್ಮವ್ವಂಗೆ ಗಾಡಿ ತೋರ್ಸೋ ಕೆಲಸ ಅಂತ ಹೇಳಿ ಬಂದಿದೀನಿ. ಇವ್ರು ಒಬ್ರೂ ಗಾಡಿ ತೆಗೀತಿಲ್ಲ. ನೀವು ದೊಡ್ಡೋರು, ನೀವಾದ್ರೂ ಗಾಡಿ ತೆಗೀರಿ. ನಾನು ಎಲ್ಲೋ ಮೂಲೇಲಿ ಇದ್ರೆ ಸಾಕು."

ನನ್ನ ಕೈಯಲ್ಲಿ ಗಾಡಿ ಪೂರ್ತಿ ಬರುತ್ತದೆ, ಯೋಚನೆ ಮಾಡಬೇಡ ಹೋಗವ್ವ ಎಂದೆ. ಎದೆ ಉಬ್ಬಿಸಿಕೊಂಡೇ ಹೇಳಿದೆ ಅಂತ ಕಾಣುತ್ತದೆ.

ಜನವರಿ 18, ಶನಿವಾರ

ಇವತ್ತು ಒಬ್ಬ ಕ್ಯಾಮೆರಾದವನ ಮೇಲೆ ಬಾಯಿ ಮಾಡಿದೆ. ದಾನೇಶ್ವರಿಗೆ ಹೀಗೆ ತಿರುಗು, ಹಾಗೆ ಒರಗು ಎಂದು ಹೇಳುತ್ತಿದ್ದ. ಇಲ್ಲಿ ಹದಿನಾಲ್ಕು ಗಾಡಿ ಇವೆ, ಅವಕ್ಕೆ ಹೇಳು ತಿರುಗುತ್ತವೆಯೇನೋ ಎಂದೆ. ಸುತ್ತ ಇದ್ದವರು ನಕ್ಕರು. ಅವಳು ನನ್ನ ಕಡೆ ನೋಡಿ ತಲೆಯಾಡಿಸಿದ ಹಾಗಾಯಿತು.

ಹನ್ನೆರಡು ಗಂಟೆಗೆ ಟ್ರ್ಯಾಕ್ಟರಿನ ಹಿಂದೆ ಹೋಗಿ ಎತ್ತರದ ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ನಿಂತಿದ್ದಳು. ಚಪ್ಪಲಿಯೂ ಶೋರೂಮಿನದೇ ಅಂತೆ, ಒಂದು ನಂಬರು ಚಿಕ್ಕದು.

ಆಮೇಲೆ ಸಂಪಿಗೆ ಊರಿನ ಚಿಕ್ಕಹನುಮಯ್ಯ ಬಂದ. ತೆಂಗಿನ ತೋಟದವನು, ನನಗೆ ಹಳೆಯ ಪರಿಚಯ. ಗೂಡ್ಸ್ ಆಟೋ ಸುತ್ತ ಎರಡು ಸುತ್ತು ಹಾಕಿ, ಕಾಯಿ ಎಷ್ಟು ತಡೀತದೆ ಎಂದು ಕೇಳಿದ. ಮಾರಾಟದ ಗಂಡಸರು ಪಾಂಪ್ಲೆಟ್ ಹುಡುಕುತ್ತಿದ್ದರು. ಇವಳು ಸೀರೆ ಎತ್ತಿ ಕಟ್ಟಿ ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೆಳಗೆ ಕೈ ಹಾಕಿ ತೋರಿಸಿದಳು. ಸುಲಿದ ಕಾಯಿ ಸಾವಿರದವರೆಗೆ ಹಾಕಬಹುದು, ಸಿಪ್ಪೆ ಕಾಯಾದರೆ ಐನೂರರ ಮೇಲೆ ಹಾಕಬೇಡಿ, ಅಡಿಯ ಸ್ಪ್ರಿಂಗ್ ಪಟ್ಟಾ ಕೂತುಬಿಡುತ್ತೆ ಎಂದಳು. ಚಿಕ್ಕಹನುಮಯ್ಯನೂ ಪಕ್ಕದಲ್ಲಿ ಕುಕ್ಕರಿಸಿದ. ಅಷ್ಟು ಹೊತ್ತು ಅವಳನ್ನು ಮುತ್ತಿಕೊಂಡಿದ್ದವರಲ್ಲಿ ಒಬ್ಬನೂ ಆಗ ಕ್ಯಾಮೆರಾ ಎತ್ತಲಿಲ್ಲ.

ನಾನೂ ಗಾಡಿಯ ಪಕ್ಕ ಖಾಲಿಯಾಗಲಿ ಎಂದೇ ಕಾದೆ. ಇಬ್ಬರೂ ಏಳಲಿಲ್ಲ. ಹಸಿರು ಚೌಕ ಬಂತು, ಒಂದು ಒತ್ತಿ ಮುಂದೆ ಹೋದೆ.

ಜನವರಿ 19, ಭಾನುವಾರ

ಜಾತ್ರೆಯಷ್ಟು ಜನ. ಕಾಲು ನೋವು. ದಾನೇಶ್ವರಿಗೆ ಸ್ವಲ್ಪ ಪಕ್ಕಕ್ಕೆ ನಿಲ್ಲವ್ವ ಎಂದರೆ, ಓನರು ಇಲ್ಲೇ ನಿಲ್ಲು ಅಂದವ್ರೆ ಸಾರ್ ಎಂದಳು. ಸರಿ, ಅವಳು ನಿಂತ ಹಾಗೆಯೇ ತೆಗೆದೆ. ಗಾಡಿಯ ನಾಲ್ಕು ಮೂಲೆಯೂ ಚೌಕಟ್ಟಿನೊಳಗಿವೆ, ಅದನ್ನು ಎಡಗಣ್ಣಿನಲ್ಲಿ ನೋಡಿಕೊಂಡೆ. ಹಸಿರು ಚೌಕ ಒಂದು ಸಲವೂ ತಪ್ಪಲಿಲ್ಲ. ಜ್ಞಾನೇಶನಿಗೆ ಹಬ್ಬಕ್ಕೆ ಒಂದು ಅಂಗಿ ಕೊಡಿಸಬೇಕು.

ಜನವರಿ 20, ಸೋಮವಾರ

ಮೇಳ ಮುಗಿಯಿತು. ಸೂರ್ಯಪ್ರಕಾಶ್ ಅವಸರದಲ್ಲಿದ್ದ, ಕ್ಯಾಮೆರಾದ ಕಾರ್ಡನ್ನು ಹಾಗೆಯೇ ಕೊಟ್ಟುಬಿಡಿ ಅಣ್ಣ ಎಂದ. ಕೊಟ್ಟೆ. ಮೊದಲಾಗಿದ್ದರೆ ಒಂದೊಂದನ್ನೂ ನೋಡದೆ ಕೊಡುತ್ತಿರಲಿಲ್ಲ. ನೋಡಿದ್ದರೂ ಏನು ಕಾಣುತ್ತಿತ್ತು.

ಜನವರಿ 22, ಬುಧವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ತಲೆಯಲ್ಲೇ ತಿರುಗುತ್ತದೆ.

ಹನ್ನೊಂದಕ್ಕೆ ಶೋರೂಮಿಗೆ ಕರೆದರು. ಗೋಡೆಯ ದೊಡ್ಡ ಟಿವಿಯಲ್ಲಿ ಫೋಟೋ ಹಾಕಿಕೊಂಡು ಎಲ್ಲರೂ ನಿಂತಿದ್ದರು. ರಂಗರಾಜುವೂ ಇದ್ದ, ಜಾಹೀರಾತಿಗೆ ಬಂದಿದ್ದನಂತೆ. ಟಿವಿ ದೊಡ್ಡದಿದ್ದದ್ದರಿಂದ ನನಗೂ ಕಂಡಿತು. ದಾನೇಶ್ವರಿಯ ಮುಖ. ಅವಳ ಹಣೆಯ ಬೊಟ್ಟು, ಓಲೆಯ ಹರಳು, ಎಲ್ಲ ಸ್ಪಷ್ಟ. ಹಿಂದೆ ಕೆಂಪಗೆ ಏನೋ ಒಂದು ಮುದ್ದೆ, ಅದು ಕಾರಂತೆ. ಮುಂದಿನದು, ಅದೇ. ಅದರ ಮುಂದಿನದು, ಅದೇ. ಇನ್ನೂರ ಹನ್ನೊಂದು ಫೋಟೋ. ನಾಲ್ಕು ಮೂಲೆಯೂ ಬಂದಿವೆ, ಗಾಡಿ ಎಲ್ಲಿದೆ ಎಂದು ಮಾತ್ರ ಕೇಳಬಾರದು. ಮುಖ ಕಂಡರೆ ಸಾಕು, ಆ ಹಾಳು ಚೌಕ ಮುಖಕ್ಕೇ ಹೋಗಿ ಕೂತಿದೆ, ಮದುವೆ ಲೆನ್ಸು ಉಳಿದದ್ದನ್ನೆಲ್ಲ ಮಂಜು ಮಾಡಿದೆ. ಕಣ್ಣು ಕಾಣುವವನಾಗಿದ್ದರೆ ಮೊದಲನೆಯದರಲ್ಲೇ ಗೊತ್ತಾಗುತ್ತಿತ್ತು.

ಸೂರ್ಯಪ್ರಕಾಶ್ ನನ್ನ ಮುಖ ನೋಡದೆ, "ಪರಮಶಿವಣ್ಣ, ಹುಡುಗರು ಹಿಂಗೆ ಮಾಡ್ತಾರೆ ಅಂತಾನೇ ನಿಮ್ಮನ್ನ ಕರ್ದಿದ್ದು" ಎಂದ.

ನಾವಾದರೂ ಅರ್ಧ ಗಾಡಿ ತೆಗೆದಿದ್ದೆವು ಎಂದು ರಂಗರಾಜು ನಕ್ಕ. ಯಾರೋ ಇನ್ನೊಬ್ಬರೂ ನಕ್ಕರು. ದಾನೇಶ್ವರಿ ಬಿಡಿಭಾಗದ ಕೌಂಟರಿನ ಹಿಂದೆ ನಿಂತು ಟಿವಿ ನೋಡುತ್ತಿದ್ದಳು. ಆಮೇಲೆ ನನ್ನನ್ನು ನೋಡಿದಳು. ಆಮೇಲೆ ಒಳಗೆ ಹೋದಳು.

ಕಣ್ಣಿಗೆ ಪೊರೆ ಬಂದಿದೆ, ನನಗೆ ಕಾಣಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ತಲೆ ತಗ್ಗಿಸಿಕೊಂಡು ಬಂದೆ.

ಜನವರಿ 23, ಗುರುವಾರ

ಅಂಗಡಿ ತೆಗೆಯಲಿಲ್ಲ.

ಜನವರಿ 24, ಶುಕ್ರವಾರ

ಟೀ ಅಂಗಡಿಯಲ್ಲಿ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ಏನ್ ಪರಮಶಿವಣ್ಣ, ಅರವತ್ತೆರಡಕ್ಕೆ ಅರಳಿದ್ಯಲ್ಲ ಎಂದರು. ಇನ್ನೂರು ಫೋಟೋ ಅಂತೆ, ಒಂದರಲ್ಲೂ ಗಾಡಿ ಇಲ್ಲವಂತೆ ಎಂದರು. ನಾನೂ ನಕ್ಕೆ. ಲೋಟ ಎತ್ತಿ, ಚೆಂದ ಇದ್ದದ್ದು ಚೆಂದ ಕಾಣ್ತು ಬುಡ್ರಪ್ಪ ಎಂದೂ ಹೇಳಿದೆ.

ಯಾಕೆ ಹೇಳಿದೆನೋ. ಆಗ ಹೇಳುವಾಗ ಹಗುರವೆನಿಸಿತು. ಚಪಲದ ಮುದುಕ ಎಂದರೆ ನಾಲ್ಕು ದಿನ ನಗುತ್ತಾರೆ, ಕುರುಡ ಎಂದರೆ ಅಂಗಡಿ ಮುಚ್ಚಿಸುತ್ತಾರೆ. ಲೆಕ್ಕ ಹಾಕಿದರೆ ಇದೇ ವಾಸಿ.

ಜನವರಿ 25, ಶನಿವಾರ

ಟೀ ಅಂಗಡಿಯ ಮಾತು ಕಲ್ಲಮ್ಮನ ಕಿವಿಗೂ ಬಿದ್ದಿದೆ. ಅಳುತ್ತಾಳೆ, ಇಲ್ಲ ಜಗಳ ತೆಗೆಯುತ್ತಾಳೆ ಎಂದು ಕಾದೆ. ರಾಗಿ ರೊಟ್ಟಿ ಹಾಕಿ ಎದುರಿಗೆ ಕೂತಳು. ಆ ಹುಡುಗಿ ಇನ್ನು ಮೇಲೆ ಮುಂದಿನ ಕೌಂಟರಿಗೆ ಬರುವುದಿಲ್ಲ, ಹಿಂದಿನ ಗೋಡೌನಿನಲ್ಲೇ ಇರುತ್ತೇನೆ ಎಂದಿದ್ದಾಳಂತೆ. ಮಾರಾಟದ ಮೇಜೂ ಬೇಡ ಎಂದಳಂತೆ. ಅವಳ ತಾಯಿ ಸರ್ವಮಂಗಳ ಕೆಲಸವನ್ನೇ ಬಿಟ್ಟು ಬಾ ಎನ್ನುತ್ತಿದ್ದಾಳಂತೆ. ಶೋರೂಮಿನಲ್ಲಿ ಕಸ ಹೊಡೆಯುವ ರಂಗಕ್ಕ ಹೇಳಿದ್ದು.

"ನಿಮ್ಮ ಕಣ್ಣು ಮುಚ್ಚಿಡಾಕೆ ಆ ಮಗೀನ ಮುಂದಕ್ಕೆ ನಿಲ್ಸಿದ್ರಿ ಕಣ್ರೀ" ಎಂದಳು. ಅಷ್ಟೇ. ಎದ್ದು ಒಳಗೆ ಹೋದಳು. ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಜನವರಿ 27, ಸೋಮವಾರ

ಶೋರೂಮಿಗೆ ಹೋದೆ. ಗೋಡೌನಿನ ಕಿಟಕಿಯ ಹತ್ತಿರ ದಾನೇಶ್ವರಿ ಪೆಟ್ಟಿಗೆಗೆ ಚೀಟಿ ಅಂಟಿಸುತ್ತಿದ್ದಳು. ಏನು ಬೇಕು ಎಂದು ಕೇಳಿದಳು. ಸಾರ್ ಎನ್ನಲಿಲ್ಲ. ನನ್ನ ಹಳೆಯ ಸ್ಕೂಟರಿಗೆ ಒಂದು ಫ್ಯೂಸ್ ಎಂದೆ. ಕೊಟ್ಟಳು. ತೆಗೆದುಕೊಂಡು ಬಂದೆ. ಆ ಸ್ಕೂಟರು ಮಾರಿ ನಾಲ್ಕು ವರ್ಷವಾಯಿತು.

ಜನವರಿ 28, ಮಂಗಳವಾರ

ಇವತ್ತು ಸ್ಪಾರ್ಕ್ ಪ್ಲಗ್ ಕೇಳಿದೆ. ಯಾವ ವರ್ಷದ ಗಾಡಿ ಎಂದಳು. ಬಾಯಿಗೆ ಬಂದ ವರ್ಷ ಹೇಳಿದೆ. ಆ ವರ್ಷ ಆ ಸ್ಕೂಟರು ಬರುತ್ತಲೇ ಇರಲಿಲ್ಲ ಎಂದಳು. ಇನ್ನೇನು ಉಳಿದಿತ್ತು.

"ನಂಗೆ ಬಲಗಣ್ಣು ಕಾಣಲ್ಲ ಕಣವ್ವ. ನಿನ್ನ ನೋಡ್ಕಂಡು ತೆಗೀಲಿಲ್ಲ. ಯಾವ್ದನ್ನೂ ನೋಡ್ದೇನೇ ತೆಗ್ದೆ."

ಅವಳು ನಂಬಲಿಲ್ಲ. ಮೇಲಿನ ಕಪಾಟಿನ ಪೆಟ್ಟಿಗೆ ತೋರಿಸಿ, ಎಡಗಣ್ಣು ಮುಚ್ಚಿಕೊಂಡು ನಂಬರು ಓದಿ ಎಂದಳು. ಪೆಟ್ಟಿಗೆ ಕಂಡಿತು, ನಂಬರು ಇದೆಯೆಂದೇ ಕಾಣಲಿಲ್ಲ. ಅಂದಾಜಿಗೆ ಏಳು ಎಂದೆ, ತಪ್ಪಾಗಿತ್ತು. ಆಮೇಲೆ ಹಸಿರು ಚೌಕದ ಕಥೆಯನ್ನೆಲ್ಲ ಹೇಳಿದೆ. ಕೇಳಿಸಿಕೊಂಡಳು. ಕಣ್ಣಿನ ವಿಷಯ ಕೇಳಿ ಅಯ್ಯೋ ಪಾಪ ಎನ್ನುತ್ತಾಳೆ ಅಂದುಕೊಂಡಿದ್ದೆ, ಅವಳಿಗೆ ಸಿಟ್ಟೇ ಬಂತು. ಮೊದಲ ದಿನವೇ ಹೇಳಿದ್ದರೆ ಗಾಡಿಯಿಂದ ದೂರ ಸರಿದು ನಿಲ್ಲುತ್ತಿದ್ದೆ, ಓನರು ಬೈದರೆ ಬೈಸಿಕೊಳ್ಳುತ್ತಿದ್ದೆ ಎಂದಳು. ಟೀ ಅಂಗಡಿಯಲ್ಲಿ ನಾನು ಆಡಿದ ಮಾತೂ ಅವಳಿಗೆ ಗೊತ್ತಿತ್ತು.

"ನಂಗೆ ಹೇಳಿದ್ರೆ ಆಗಲ್ಲ ದೊಡ್ಡಪ್ಪ. ಅವತ್ತು ಆ ಟಿವಿ ಮುಂದೆ ನಿಂತಿದ್ರಲ್ಲ, ಅವ್ರಿಗೆ ಹೇಳಿ."

ದೊಡ್ಡಪ್ಪ ಅಂದಳು. ಅದು ಈಗ ಬರೆಯುವಾಗ ನೆನಪಾಯಿತು. ಆಗ ನನಗೆ ಟಿವಿ ಎಂಬ ಮಾತು ಮಾತ್ರ ಕೇಳಿಸಿತ್ತು.

ಜನವರಿ 30, ಗುರುವಾರ

ನಿನ್ನೆ ಹೋಗುತ್ತೇನೆಂದು ಹೊರಟು ಗಾಂಧಿನಗರದ ತಿರುವಿನಿಂದ ವಾಪಸು ಬಂದೆ. ಇವತ್ತು ಕಲ್ಲಮ್ಮ ಜೊತೆಗೆ ಬಂದಳು. ನಾನು ಕರೆಯಲಿಲ್ಲ. ಸೆರಗು ಹೊದ್ದು ಮುಂದೆ ಹೊರಟಳು, ನಾನು ಹಿಂದೆ.

ಸೂರ್ಯಪ್ರಕಾಶ್ ಇದ್ದ, ಕೆಲಸದವರು ಐದಾರು ಜನ ಇದ್ದರು, ರಂಗರಾಜುವನ್ನು ನಾನೇ ಫೋನ್ ಮಾಡಿ ಕರೆಸಿದ್ದೆ. ಟಿವಿ ಮುಂದೆ ನಿಂತೆ. ಹೇಗೆ ಶುರು ಮಾಡಬೇಕೆಂದು ಗೊತ್ತಾಗದೆ, ನನಗೆ ಕಣ್ಣು ಕಾಣುವುದಿಲ್ಲ, ದಸರೆಯಿಂದ ಮುಚ್ಚಿಟ್ಟಿದ್ದೇನೆ, ಆ ಹುಡುಗಿಯ ಮುಖ ಹಿಡಿದದ್ದು ಕ್ಯಾಮೆರಾ, ನಾನಲ್ಲ, ಟೀ ಅಂಗಡಿಯಲ್ಲಿ ಆಡಿದ್ದು ಹೊಲಸು ಮಾತು, ತಪ್ಪಾಯಿತು ಎಂದೆ. ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ನಾಳೆಯಿಂದ ಸ್ಟುಡಿಯೋ ಬಾಗಿಲು ಎಳೆಯಬೇಕಾದೀತು ಎಂದು ಹೇಳುವಾಗಲೇ ಅನ್ನಿಸಿತು.

ಯಾರೂ ನಗಲಿಲ್ಲ. ರಂಗರಾಜು ಹೋಗಿ ಒಂದು ಲೋಟ ನೀರು ತಂದು ಕೊಟ್ಟ. ಸೂರ್ಯಪ್ರಕಾಶ್, ಮೊದಲು ಕಣ್ಣು ನೋಡಿಕೊಳ್ಳಿ ಅಣ್ಣ, ಫೋಟೋಗೆ ಹಾಸನದಿಂದ ಯಾರನ್ನಾದರೂ ಕರೆಸುತ್ತೇನೆ ಎಂದ. ಮರ್ಯಾದೆಯಾಗಿಯೇ ಹೇಳಿದ. ಕೆಲಸ ಹೋಯಿತು ಅಂದುಕೊಂಡೆ.

ಆಗ ಗೋಡೌನಿನ ಬಾಗಿಲಲ್ಲಿ ನಿಂತಿದ್ದ ದಾನೇಶ್ವರಿ ಮಾತಾಡಿದಳು. ಅವರ ಮನೆಯ ಗೋಡೆಯ ಮೇಲೆ ಅವಳ ತಾತ ಟ್ರ್ಯಾಕ್ಟರ್ ತಂದ ದಿನದ ಫೋಟೋ ಇದೆಯಂತೆ, ನಾನು ತೆಗೆದದ್ದು. ಹನ್ನೆರಡು ಜನ, ಟ್ರ್ಯಾಕ್ಟರಿನ ನಾಲ್ಕು ಚಕ್ರ, ಎಲ್ಲ ಸರಿಯಾಗಿ ಬಂದಿದೆಯಂತೆ. ಸಂಜೆ ಬೆಳಕು ಸಾಲದೆ ಫೋಟೋದವರು ಹಗ್ಗ ಹಿಡಿದು ಟ್ರ್ಯಾಕ್ಟರು ಅಳೆದರು ಎಂದು ತಾತ ನಗುತ್ತಿದ್ದರಂತೆ.

"ಹಗ್ಗ ಅಳೆಯಾಕೆ ಕಣ್ಣು ಬೇಕಾಗಿಲ್ವಲ್ಲ. ನಾನು ಹಿಡ್ಕಂತೀನಿ" ಎಂದಳು.

ಆ ಹಗ್ಗವನ್ನು ನಾನೇ ಮರೆತಿದ್ದೆ. ತೆಂಗಿನ ನಾರಿನ ಹುರಿ, ಅಡಿಗೊಂದು ಗಂಟು. ಒಂದು ತುದಿ ಕ್ಯಾಮೆರಾದ ಸ್ಟ್ಯಾಂಡಿಗೆ ಕಟ್ಟಿ ಇನ್ನೊಂದು ತುದಿ ಗಾಡಿಗೆ ಮುಟ್ಟಿಸಿ, ಗಂಟು ಎಣಿಸಿ, ಹಳೆಯ ಲೆನ್ಸಿನ ಮೇಲೆ ಅಡಿಯ ಅಂಕಿ ಕೆತ್ತಿದ ಬಳೆಯನ್ನು ಅಷ್ಟೇ ಅಡಿಗೆ ತಿರುಗಿಸಿ ಇಟ್ಟರೆ ಫೋಕಸ್ ತಪ್ಪುವುದಿಲ್ಲ. ಹಗ್ಗ ಎಲ್ಲಿದೆಯೋ ಎಂದೆ. ನಮ್ಮ ಹಿತ್ತಲಲ್ಲಿ ಬಟ್ಟೆ ಒಣಗಾಕ್ತಿರೋದೇ ಅದು ಎಂದು ಕಲ್ಲಮ್ಮ ಹೇಳಿದಳು. ಆಗ ಎಲ್ಲರೂ ನಕ್ಕರು. ಭಾನುವಾರ ಬಂದು ಒಂದು ಸಲ ನೋಡಿ ಎಂದ ಸೂರ್ಯಪ್ರಕಾಶ್.

ಫೆಬ್ರವರಿ 2, ಭಾನುವಾರ

ಶೋರೂಮಿನ ಅಂಗಳ, ಒಳ್ಳೆ ಬಿಸಿಲು. ಗಾಡಿಗಳನ್ನು ಒಂದೊಂದಾಗಿ ತಂದು ನಿಲ್ಲಿಸಿದರು. ದಾನೇಶ್ವರಿ ಹಳೆಯ ಚೂಡಿದಾರದಲ್ಲಿ ಬಂದಿದ್ದಳು, ಕಾಲಿಗೆ ಹವಾಯಿ ಚಪ್ಪಲಿ. ಹಗ್ಗದ ತುದಿ ಮುಂದಿನ ಚಕ್ರದ ಮೇಲೆ ಇಟ್ಟು ಹದಿಮೂರು ದೊಡ್ಡಪ್ಪ, ಹದಿನಾಲ್ಕೂವರೆ ದೊಡ್ಡಪ್ಪ ಎಂದು ಕೂಗುತ್ತಿದ್ದಳು. ನಾನು ಎಡಗಣ್ಣಿನಲ್ಲಿ ಬಳೆಯ ಅಂಕಿ ನೋಡಿ ತಿರುಗಿಸುತ್ತಿದ್ದೆ. ಒತ್ತುವ ಮೊದಲು ಅವಳು ಹಗ್ಗ ಎತ್ತಿಕೊಂಡು ಪಕ್ಕಕ್ಕೆ ಓಡುತ್ತಿದ್ದಳು. ತೆಗೆದದ್ದನ್ನೆಲ್ಲ ಅವಳೇ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದಳು. ಟೈರಿನ ಮೇಲಿನ ಅಕ್ಷರ ಓದಲು ಬಂದರೆ ಸರಿ, ಇಲ್ಲದಿದ್ದರೆ ಇನ್ನೊಂದು. ನನಗಿಂತ ಕಟ್ಟುನಿಟ್ಟು. ಎರಡು ಸಲ ನನ್ನನ್ನೇ ಗದರಿದಳು. ಹದಿನಾಲ್ಕೂ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಎರಡಾಗಿತ್ತು.

ಕೊನೆಗೆ ಕ್ಯಾಮೆರಾ ಕೊಡಿ, ನೀವು ಹೋಗಿ ಆಟೋ ಹತ್ತಿರ ನಿಂತುಕೊಳ್ಳಿ ಎಂದಳು. ನಿಂತೆ. ಇಷ್ಟು ವರ್ಷ ಜನರನ್ನು ನಿಲ್ಲಿಸಿದ್ದೇನೆ, ನಾನು ನಿಂತದ್ದಿಲ್ಲ. ಕೈ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಎಲ್ಲರೂ ನೋಡುತ್ತಿದ್ದರು. ಐದು ನಿಮಿಷಕ್ಕೆ ಬೆನ್ನು ಬೆವರಿತು. ಅವಳು ನಾಲ್ಕು ದಿನ ನಿಂತಿದ್ದಳು.

"ವಸಿ ಪಕ್ಕಕ್ಕೆ ಸರೀರಿ ದೊಡ್ಡಪ್ಪ, ಗಾಡಿ ಕಾಣ್ತಿಲ್ಲ" ಎಂದಳು.

ರಂಗಕ್ಕ ಪೊರಕೆ ಹಿಡಿದುಕೊಂಡೇ ನಕ್ಕಳು. ನಾನು ಸರಿದೆ.

ಫೆಬ್ರವರಿ 8, ಶನಿವಾರ

ಆಪರೇಷನ್ ಆಯಿತು. ಬರೆಯಬಾರದು ಎಂದಿದ್ದಾರೆ. ಬರೆಯುತ್ತಿಲ್ಲ.

ಫೆಬ್ರವರಿ 20, ಗುರುವಾರ

ಡೈರಿಯ ಗೆರೆಗಳು ನೀಲಿ. ಮೊದಲ ಪುಟದಲ್ಲಿ ನನ್ನ ಅಕ್ಷರ ಗೆರೆ ಬಿಟ್ಟು ಕೆಳಗಿಳಿದಿರುವುದು ನೋಡಿ ನಾಚಿಕೆಯಾಯಿತು. ಕೊಬ್ಬರಿ ಮಂಡಿಯವರನ್ನು ಸುಮ್ಮನೆ ಬೈದಿದ್ದೇನೆ.

ಹದಿನಾಲ್ಕು ಫೋಟೋವೂ ಶೋರೂಮಿನ ಗೋಡೆಗೆ ಬಂದಿವೆ. ಬಾಗಿಲು ಎಳೆಯುವ ಹಾಗೇನೂ ಆಗಲಿಲ್ಲ. ಕಣ್ಣು ಹೇಗಿದೆ ಎಂದು ವಿಚಾರಿಸಲು ಬಂದವರೇ ನಾಲ್ಕು ಜನ ಫೋಟೋ ತೆಗೆಸಿಕೊಂಡು ಹೋದರು. ಹೊರಡುವ ಗಾಡಿಗಳ ಫೋಟೋದ ಮಾತು ಶಿವರಾತ್ರಿ ಕಳೆಯಲಿ ಎಂದಿದ್ದಾನೆ ಸೂರ್ಯಪ್ರಕಾಶ್. ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಇವತ್ತು ದಾನೇಶ್ವರಿ ಸ್ಟುಡಿಯೋಗೆ ಬಂದಿದ್ದಳು. ಮೇಳದ ಕಾರ್ಡನ್ನು ಸೂರ್ಯಪ್ರಕಾಶನಿಂದ ಕೇಳಿ ತಂದಿದ್ದಳು. ಅವರಲ್ಲಿದ್ದ ಕಾಪಿಯನ್ನೆಲ್ಲ ಅಳಿಸಿಯಾಯಿತು, ಇದನ್ನು ನಿಮ್ಮ ಎದುರಿಗೇ ಅಳಿಸಬೇಕು ಎಂದಳು. ಕಂಪ್ಯೂಟರಿಗೆ ಹಾಕಿದೆ. ಒಂದೊಂದಾಗಿ ಬಂದವು. ಹೊಸ ಕಣ್ಣು, ಎಲ್ಲ ಕಾಣುತ್ತಿತ್ತು. ಹಲ್ಲು ಕಾಣುವ ಹಾಗೆ ನಿಂತಿದ್ದಾಳೆ, ಕಣ್ಣಿನಲ್ಲಿ ನಗು ಇಲ್ಲ. ಎರಡನೆಯ ದಿನದ್ದರಲ್ಲಿ ಚಪ್ಪಲಿಯ ನೋವಿಗೆ ತುಟಿ ಬಿಗಿದಿದೆ. ಮೂರನೆಯ ದಿನ ಕಣ್ಣು ಊದಿದೆ. ನಾಲ್ಕು ದಿನ ಆ ಮುಖದ ಮುಂದೆ ನಿಂತು ಒತ್ತಿದವನು ನಾನು, ಅದನ್ನು ನೋಡಿದ್ದು ಇವತ್ತು. ಅವಳ ಪಕ್ಕದಲ್ಲಿ ಕೂತು ನೋಡಲು ನನಗೆ ಸಂಕಟವಾಯಿತು. ಅವಳು ಒಂದೊಂದೇ ಅಳಿಸುತ್ತಾ ಹೋದಳು.

ಒಂದರ ಹತ್ತಿರ ಕೈ ನಿಂತಿತು. ಗೂಡ್ಸ್ ಆಟೋದ ಹಿಂಚಕ್ರದ ಪಕ್ಕ ಸೀರೆ ಎತ್ತಿ ಕಟ್ಟಿ ಕೂತಿದ್ದಾಳೆ. ಒಂದು ಕೈ ಗಾಡಿಯ ಕೆಳಗಿದೆ, ಇನ್ನೊಂದು ಕೈಯ ಐದು ಬೆರಳು ಮೇಲಕ್ಕೆತ್ತಿದ್ದಾಳೆ, ಐನೂರು ಎನ್ನುತ್ತಿರಬೇಕು. ಬಾಯಿ ತೆರೆದಿದೆ. ಕಂಪನಿಯ ಪಟ್ಟಿ ಹೆಗಲಿಗೆ ಎಸೆದುಕೊಂಡಿದ್ದಾಳೆ. ಚಿಕ್ಕಹನುಮಯ್ಯ ತಲೆ ಬಗ್ಗಿಸಿ ಅವಳು ಹೇಳುವುದನ್ನೇ ಕೇಳುತ್ತಿದ್ದಾನೆ. ಕಣ್ಣಿನಲ್ಲಿ ಎಂಥ ಬೆಳಕು ಆ ಹುಡುಗಿಗೆ. ಅವಸರದಲ್ಲಿ ಒತ್ತಿ ಮುಂದೆ ಹೋಗಿದ್ದೆನಲ್ಲ, ಅದು.

"ಇದೊಂದು ಇರ್ಲಿ ದೊಡ್ಡಪ್ಪ. ಇದನ್ನ ಅವ್ವಂಗೆ ತೋರಿಸ್ಬೇಕು" ಎಂದಳು.

ಗಾಡಿ ಮಂಜಾಗಿದೆಯಲ್ಲವ್ವ ಎಂದೆ. ಪರವಾಗಿಲ್ಲ ಎಂದಳು. ಸೋಮವಾರದಿಂದ ಮಾರಾಟದ ಮೇಜಿಗೆ ಕೂರುತ್ತಾಳಂತೆ. ಸೀರೆ, ಪಟ್ಟಿ ಇಲ್ಲ ಎಂದು ಮೊದಲೇ ಮಾತಾಡಿಕೊಂಡಿದ್ದಾಳೆ. ಚಿಕ್ಕಹನುಮಯ್ಯ ಆಟೋ ತೆಗೆದುಕೊಳ್ಳುವುದಾಗಿ ಹೇಳಿಕಳಿಸಿದ್ದಾನಂತೆ.

ಪ್ರಿಂಟ್ ಹಾಕಿ, ಅಂಚು ಕತ್ತರಿಸಿ, ಚೌಕಟ್ಟಿಗೆ ಹಾಕುವ ಮೊದಲು ಅಭ್ಯಾಸದಂತೆ ತಿರುಗಿಸಿ ಪೆನ್ನು ತೆಗೆದೆ. ಆ ಆಟೋಗೆ ಇನ್ನೂ ನಂಬರು ಬಂದಿರಲಿಲ್ಲ. ಬಂದಿದ್ದರೂ ಬರೆಯುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಗೆರೆ ಇಲ್ಲದಿದ್ದರೂ ಸಾಲು ತಪ್ಪದ ಹಾಗೆ ನಿಧಾನವಾಗಿ ಬರೆದೆ: ದಾನೇಶ್ವರಿ, ಅರಳಗುಪ್ಪೆ, ಮಾರಾಟ ವಿಭಾಗ.